ರಟ್ಟೆಯ ಸದ್ದು, ಬೆನ್ನಿನ ಮೌನ

1849ರ ಬರ್ಲಿನ್. ಎಂಬತ್ತರ ಹೊಸ್ತಿಲಲ್ಲಿದ್ದ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್, ತಮಗಿಂತ ಸುಮಾರು ಐವತ್ತು ವರ್ಷ ಚಿಕ್ಕವರಾದ ಎಮಿಲ್ ಡು ಬ್ವಾ ರೇಮೊಂ ಎಂಬ ವಿಜ್ಞಾನಿಯ ಪ್ರಯೋಗದ ಕೋಣೆಗೆ ಬಂದರು. ಅಲ್ಲಿ ಉಪ್ಪುನೀರು ತುಂಬಿದ ಎರಡು ಪಾತ್ರೆಗಳಿದ್ದವು. ಎರಡರಿಂದಲೂ ಹೊರಟ ತಂತಿಗಳು ಒಂದು ಗ್ಯಾಲ್ವನೋಮೀಟರಿಗೆ ಸೇರಿದ್ದವು. ತೀರಾ ಸಣ್ಣ ವಿದ್ಯುತ್ತಿಗೂ ಅದರ ಮುಳ್ಳು ಅಲುಗುತ್ತಿತ್ತು. ಹಂಬೋಲ್ಟ್ ಎರಡೂ ಕೈಗಳ ಒಂದೊಂದು ಬೆರಳನ್ನು ಪಾತ್ರೆಗಳಲ್ಲಿ ಅದ್ದಿ ಕೂತರು. ಒಂದು ತೋಳನ್ನು ಬಿಗಿ ಹಿಡಿದರು. ಮುಳ್ಳು ಸರಿಯಿತು. ಇನ್ನೊಂದು ತೋಳನ್ನು ಬಿಗಿ ಹಿಡಿದಾಗ ಎದುರು ದಿಕ್ಕಿಗೆ ಸರಿಯಿತು.

ಆ ಗಳಿಗೆ ಹಂಬೋಲ್ಟರಿಗೆ ಏನಾಗಿತ್ತೆಂದು ತಿಳಿಯಲು ಅವರ ಯೌವನಕ್ಕೆ ಹೋಗಬೇಕು. 1791ರಲ್ಲಿ ಇಟಲಿಯ ಬೊಲೋನ್ಯದ ಲುಯಿಜಿ ಗ್ಯಾಲ್ವನಿ, ಸತ್ತ ಕಪ್ಪೆಯ ಕಾಲು ಅದುರುವುದನ್ನು ತೋರಿಸಿ, ಪ್ರಾಣಿಯ ದೇಹದೊಳಗೇ ವಿದ್ಯುತ್ತಿದೆ ಎಂದು ಬರೆದರು. ಅವರ ದೇಶದವರೇ ಆದ ಅಲೆಸ್ಸಾಂಡ್ರೊ ವೋಲ್ಟಾ ಒಪ್ಪಲಿಲ್ಲ. ವಿದ್ಯುತ್ತು ಹುಟ್ಟಿದ್ದು ಎರಡು ಬೇರೆ ಬೇರೆ ಲೋಹಗಳ ನಡುವೆ, ಕಪ್ಪೆಯ ಕಾಲು ಅದನ್ನು ತೋರಿಸಿತಷ್ಟೇ ಎಂದರು. ಯಾರು ಸರಿ ಎಂದು ನೋಡಲು ತರುಣ ಹಂಬೋಲ್ಟ್ ತಮ್ಮ ಮೈಯನ್ನೇ ಒಡ್ಡಿದ್ದರು. ಬೆನ್ನಿನ ಮೇಲೆ ಗುಳ್ಳೆ ಎಬ್ಬಿಸಿಕೊಂಡು, ಅದರ ಚರ್ಮ ತೆಗೆಸಿ, ಹಸಿಗಾಯಕ್ಕೆ ಸತುವನ್ನೂ ಬೆಳ್ಳಿಯನ್ನೂ ಮುಟ್ಟಿಸಿ ಸ್ನಾಯು ಸೆಟೆಯುವುದನ್ನು ಪರೀಕ್ಷಿಸಿದ್ದರು. ಆದರೆ 1800ರಲ್ಲಿ ವೋಲ್ಟಾ ಬ್ಯಾಟರಿಯನ್ನೇ ಮಾಡಿ ಲೋಕದ ಮುಂದಿಟ್ಟಾಗ ಗ್ಯಾಲ್ವನಿಯ ಮಾತು ಮೂಲೆ ಸೇರಿತು. ಅರ್ಧ ಶತಮಾನ ಕಳೆದ ಮೇಲೆ ಈಗ ಲೋಹದ ತಕರಾರಿಗೆ ಎಡೆಯಿಲ್ಲದಂತೆ, ಬದುಕಿರುವ ಮನುಷ್ಯ ತನ್ನಿಚ್ಛೆಯಿಂದ ತೋಳು ಬಿಗಿದರೆ ಮುಳ್ಳು ಅಲುಗುತ್ತಿತ್ತು. ಹಂಬೋಲ್ಟ್ ಈ ಸುದ್ದಿಯನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಬರೆದು ತಿಳಿಸಿದರು.

ಆ ಮುಳ್ಳನ್ನು ಅಲುಗಿಸುವುದಕ್ಕಾಗಿ ಡು ಬ್ವಾ ರೇಮೊಂ ಪಟ್ಟ ಪಾಡು ಸಣ್ಣದಲ್ಲ. ಆಗಿನ ಯಾವ ಉಪಕರಣಕ್ಕೂ ಸ್ನಾಯುವಿನ ವಿದ್ಯುತ್ತನ್ನು ಹಿಡಿಯುವ ಸೂಕ್ಷ್ಮತೆ ಇರಲಿಲ್ಲ. ಅವರೇ ಕೂತು ಸುರುಳಿ ಸುತ್ತಿದರು: 24,000ಕ್ಕೂ ಹೆಚ್ಚು ಸುತ್ತು, ಕಿಲೋಮೀಟರುಗಟ್ಟಲೆ ತಂತಿ. ಚರ್ಮ ವಿದ್ಯುತ್ತನ್ನು ತಡೆಯುತ್ತದೆ ಎಂದು ಗೊತ್ತಾದಾಗ ತಮ್ಮ ಕೈಗೇ ಗುಳ್ಳೆ ಎಬ್ಬಿಸಿಕೊಂಡು ಚರ್ಮ ತೆಗೆದು ಪ್ರಯೋಗ ಮಾಡಿದರು. ಮುಳ್ಳು ಮೊದಲಿಗಿಂತ ಎಷ್ಟೋ ದೂರ ಸರಿಯಿತು. ಅದು ಕೈ ಬೆವರಿದ್ದರಿಂದ ಆದದ್ದು, ಬಿಸಿಯಾದದ್ದರಿಂದ ಆದದ್ದು ಎಂದು ಅನುಮಾನಿಸಿದವರಿಗೆಲ್ಲ ವರ್ಷಗಟ್ಟಲೆ ಉತ್ತರ ಕೊಟ್ಟರು.

ಆದರೂ ಅಲ್ಲಿ ತಿಳಿದದ್ದು ಇಷ್ಟೇ: ತೋಳು ದುಡಿದಾಗ ವಿದ್ಯುತ್ತು ಹುಟ್ಟುತ್ತದೆ. ತೋಳಿನ ಯಾವ ಸ್ನಾಯು, ಯಾವ ಕ್ಷಣದಲ್ಲಿ, ಎಷ್ಟು ಎಂದು ಹೇಳಲು ಆ ಮುಳ್ಳಿಗೆ ಆಗುತ್ತಿರಲಿಲ್ಲ.

ಈ ಕೊರತೆ ಎಷ್ಟು ಹಳೆಯದೆಂದರೆ ಅದನ್ನು ಕೊರತೆಯೆಂದೇ ಯಾರೂ ಎಣಿಸಿರಲಿಲ್ಲ. ಸ್ನಾಯುಗಳ ಬಗ್ಗೆ ವೈದ್ಯಲೋಕಕ್ಕೆ ಗೊತ್ತಿದ್ದುದೆಲ್ಲ ಹೆಣದಿಂದ ಕಲಿತದ್ದು. 1543ರಲ್ಲಿ ಆಂಡ್ರಿಯಾಸ್ ವೆಸಾಲಿಯಸ್ ಅವರ ಮಹಾಗ್ರಂಥ ಬಂದ ಮೇಲೆ ಪ್ರತಿ ಸ್ನಾಯು ಯಾವ ಎಲುಬಿನಿಂದ ಹೊರಟು ಯಾವ ಎಲುಬಿಗೆ ಅಂಟಿದೆ ಎಂಬ ನಕಾಶೆ ಚೆನ್ನಾಗಿ ಸಿದ್ಧವಾಯಿತು. ಎರಡು ತುದಿ ಗೊತ್ತಾದರೆ ಎಳೆದಾಗ ಏನಾಗುತ್ತದೆ ಎಂದು ಊಹಿಸಬಹುದು. ಆ ಊಹೆಯನ್ನೇ ಮುನ್ನೂರು ವರ್ಷ ಪಾಠವಾಗಿ ಓದಿಸಿದರು. ಆದರೆ ಹೆಣ ನಡೆಯುವುದಿಲ್ಲ, ನೀರು ಹೊರುವುದಿಲ್ಲ. ಒಂದು ಸ್ನಾಯು ಏನು ಮಾಡಬಲ್ಲದು ಎಂಬುದಕ್ಕೂ ಬದುಕಿರುವ ಮೈಯಲ್ಲಿ ಅದು ನಿಜಕ್ಕೂ ಏನು ಮಾಡುತ್ತದೆ ಎಂಬುದಕ್ಕೂ ನಡುವೆ ದೊಡ್ಡ ಅಂತರವಿದೆ. ಸ್ನಾಯುಗಳನ್ನು ಅಳೆಯುವ ವಿದ್ಯೆಯ ಚರಿತ್ರೆಯೆಂದರೆ ಈ ಅಂತರವನ್ನು ದಾಟಿದ ಚರಿತ್ರೆ.

ಫ್ರಾನ್ಸಿನ ಗಿಯೋಮ್ ಡ್ಯುಶೆನ್ ಹೊಸ ದಾರಿ ಹಿಡಿದರು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ರೋಗಿಗಳ ಚರ್ಮದ ಮೇಲೆ ಒದ್ದೆ ಮಾಡಿದ ವಿದ್ಯುತ್ ಕಡ್ಡಿಗಳನ್ನಿಟ್ಟು ಒಂದೊಂದೇ ಸ್ನಾಯುವನ್ನು ಸೆಟೆಸಿ ನೋಡಿದರು. 1862ರಲ್ಲಿ ಮುಖದ ಸ್ನಾಯುಗಳ ಬಗ್ಗೆ ಛಾಯಾಚಿತ್ರಗಳಿರುವ ಪುಸ್ತಕ ತಂದರು, 1867ರಲ್ಲಿ ಇಡೀ ದೇಹದ ಚಲನೆಗಳ ಬಗ್ಗೆ ಇನ್ನೊಂದು. ಬದುಕಿರುವ ದೇಹದಿಂದಲೇ ಕಲಿಯಬೇಕೆಂಬ ಅವರ ಹಟ ದೊಡ್ಡದು. ಆದರೆ ಹೊರಗಿನಿಂದ ವಿದ್ಯುತ್ತು ಹಾಯಿಸಿ ಸ್ನಾಯುವನ್ನು ಸೆಟೆಸುವುದೆಂದರೆ ನಾವೇ ಅದಕ್ಕೆ ಹೇಳಿಕೊಡುವುದು. ಅದು ತಾನಾಗಿ ಹೇಳುವುದನ್ನು ಕೇಳಿಸಿಕೊಳ್ಳುವುದು ಇನ್ನೂ ಬಾಕಿಯಿತ್ತು.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನೆದರ್ಲೆಂಡ್ಸಿನ ವಿಲೆಮ್ ಐಂಥೋವನ್ ಹೃದಯದ ವಿದ್ಯುತ್ತು ಅಳೆಯಲು ತಂತು ಗ್ಯಾಲ್ವನೋಮೀಟರ್ ರೂಪಿಸಿದರು. ಜರ್ಮನಿಯ ಹಾನ್ಸ್ ಪೈಪರ್ ಅದನ್ನೇ ತೋಳಿನ ಸ್ನಾಯುಗಳಿಗೆ ಹೊಂದಿಸಿ 1912ರಲ್ಲಿ ಮನುಷ್ಯರ ಸ್ನಾಯುವಿದ್ಯುತ್ತಿನ ಮೇಲೆ ಪುಸ್ತಕ ಬರೆದರು. ಬಳಿಕ ವ್ಯಾಕ್ಯೂಮ್ ಟ್ಯೂಬಿನ ಆಂಪ್ಲಿಫೈಯರ್ ಬಂತು, ರೇಡಿಯೊ ಬಂತು, ಲೌಡ್‌ಸ್ಪೀಕರ್ ಬಂತು.

1929ರಲ್ಲಿ ಇಂಗ್ಲೆಂಡಿನ ಎಡ್ಗರ್ ಏಡ್ರಿಯನ್ ಮತ್ತು ಅಮೆರಿಕದ ಡೆಟ್ಲೆವ್ ಬ್ರಾಂಕ್ ಒಂದು ಸರಳ ಉಪಾಯ ಹೂಡಿದರು. ಇಂಜೆಕ್ಷನ್ ಸೂಜಿಯ ಕೊಳವೆಯೊಳಗೆ ಹೊದಿಕೆಯಿರುವ ಒಂದು ತೆಳು ತಂತಿಯನ್ನು ತೂರಿಸಿದರು. ಸೂಜಿಯ ತುದಿಯಲ್ಲಿ ತಂತಿಯ ಮೂತಿ ಮಾತ್ರ ಬರಿದಾಗಿರುತ್ತದೆ. ಅದನ್ನು ಮನುಷ್ಯರ ತೋಳಿಗೆ ಚುಚ್ಚಿ, ಆಂಪ್ಲಿಫೈಯರಿಗೆ ಜೋಡಿಸಿ, ಲೌಡ್‌ಸ್ಪೀಕರಿಗೆ ಕೊಟ್ಟರು. ಸುತ್ತಲ ಸ್ನಾಯುಗಳ ಗದ್ದಲವೆಲ್ಲ ದೂರವಾಗಿ ಸೂಜಿಯ ತುದಿಯ ಕೆಲವೇ ಎಳೆಗಳು ಕೇಳಿಸಿದವು. ಟಕ್, ಟಕ್, ಟಕ್. ಮೆಲ್ಲಗೆ ಬಿಗಿದರೆ ಸೆಕೆಂಡಿಗೆ ಐದು ಹತ್ತು ಸಲ, ಗಟ್ಟಿಯಾಗಿ ಬಿಗಿದಂತೆ ಬಡಿತ ಚುರುಕಾಗಿ ಹೊಸ ಬಡಿತಗಳೂ ಜತೆಗೂಡಿದವು.

ಆ ಒಂದೊಂದು ಟಕ್ ಏನು? ಬೆನ್ನುಹುರಿಯ ಒಂದು ನರಕೋಶ ತನ್ನ ಕೈಕೆಳಗಿನ ಸ್ನಾಯುವಿನ ಎಳೆಗಳಿಗೆಲ್ಲ ಒಟ್ಟಿಗೆ ಕೊಡುವ ಒಂದು ಅಪ್ಪಣೆ. ಒಂದು ನರಕೋಶ ಮತ್ತು ಅದರ ಎಳೆಗಳ ಈ ಕೂಟಕ್ಕೆ ಚಾರ್ಲ್ಸ್ ಶೆರಿಂಗ್ಟನ್ ಅವರ ತಂಡ 1925ರಲ್ಲಿ ಮೋಟಾರ್ ಯೂನಿಟ್ ಎಂದು ಹೆಸರಿಟ್ಟಿತ್ತು. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿನಲ್ಲಿ ಒಂದು ಕೋಶದ ಕೈಕೆಳಗೆ ಬೆರಳೆಣಿಕೆಯ ಎಳೆಗಳಿದ್ದರೆ, ಮೀನಖಂಡದಲ್ಲಿ ಸಾವಿರದಷ್ಟೋ ಅದಕ್ಕೂ ಮಿಗಿಲೋ ಇರುತ್ತವೆ. ನಮ್ಮ ಸಕಲ ಚಟುವಟಿಕೆ, ನೇಗಿಲು ಹಿಡಿಯುವುದರಿಂದ ಹೂ ಕಟ್ಟುವವರೆಗೆ, ಈ ಟಕ್‌ಗಳ ಲೆಕ್ಕಾಚಾರ. ಬಲ ಹೆಚ್ಚಿಸಲು ದೇಹಕ್ಕಿರುವ ದಾರಿ ಎರಡೇ: ದುಡಿಯುತ್ತಿರುವವರನ್ನು ಅವಸರಿಸುವುದು, ಹೊಸ ಆಳುಗಳನ್ನು ಕರೆಯುವುದು. ಇದನ್ನು ಕಿವಿಯಾರೆ ಕೇಳಿದ ಮೊದಲಿಗರಲ್ಲಿ ಏಡ್ರಿಯನ್ ಮತ್ತು ಬ್ರಾಂಕ್ ಇದ್ದರು. ನರಕೋಶಗಳ ಕೆಲಸವನ್ನು ಅರಿತದ್ದಕ್ಕಾಗಿ ಏಡ್ರಿಯನ್ ಮತ್ತು ಶೆರಿಂಗ್ಟನ್ 1932ರ ನೊಬೆಲ್ ಹಂಚಿಕೊಂಡರು.

ಹತ್ತು ವರ್ಷದಲ್ಲಿ ಈ ಸೂಜಿಗೆ ಭೀಕರವಾದ ಕೆಲಸ ಬಿತ್ತು. ಎರಡನೆಯ ಮಹಾಯುದ್ಧದಲ್ಲಿ ಗುಂಡು, ಸಿಡಿಚೂರುಗಳಿಂದ ಕೈಕಾಲಿನ ನರ ಹರಿದ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿದರು. ಶಸ್ತ್ರವೈದ್ಯರ ಮುಂದಿದ್ದ ಪ್ರಶ್ನೆ ಒಂದೇ. ಈ ನರ ತಾನಾಗಿ ಬೆಳೆಯುತ್ತದೆಯೋ, ಇಲ್ಲಾ ಕೊಯ್ದು ಹೊಲಿಯಬೇಕೋ? ಹರಿದ ನರ ದಿನಕ್ಕೆ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈ ಮೇಲಿನ ಗಾಯದಿಂದ ಬೆರಳಿನವರೆಗೆ ಬರಲು ಒಂದು ವರ್ಷವೇ ಬೇಕಾದೀತು. ಸುಮ್ಮನೆ ಕಾದರೆ ಸ್ನಾಯು ಸೊರಗಿ ಹೋಗುತ್ತದೆ, ಅವಸರದಲ್ಲಿ ಕೊಯ್ದರೆ ಬೆಳೆಯುತ್ತಿದ್ದ ನರಕ್ಕೇ ಕುತ್ತು.

ಸೂಜಿ ಇಲ್ಲಿ ಸಾಕ್ಷಿ ಹೇಳಿತು. ನರದ ಸಂಪರ್ಕ ತಪ್ಪಿ ಎರಡು ಮೂರು ವಾರ ಕಳೆದ ಸ್ನಾಯು ರೋಗಿ ಸುಮ್ಮನೆ ಮಲಗಿದ್ದರೂ ತಾನಾಗಿ ಮಿಡಿಯುತ್ತದೆ. ಲೌಡ್‌ಸ್ಪೀಕರಿನಲ್ಲಿ ಅದು ತಗಡಿನ ಮಾಡಿನ ಮೇಲೆ ಬಿಡಿ ಹನಿ ಮಳೆ ಬಿದ್ದಂತೆ ಕೇಳುತ್ತದೆ. ಇಂದಿಗೂ ನರವೈದ್ಯರು ವಿದ್ಯಾರ್ಥಿಗಳಿಗೆ ಇದೇ ಹೋಲಿಕೆ ಕೊಡುತ್ತಾರೆ. ತಿಂಗಳುಗಳು ಕಳೆದು ಹೊಸ ನರ ಸ್ನಾಯುವನ್ನು ಮುಟ್ಟಿದಾಗ ಸದ್ದು ಬದಲಾಗುತ್ತದೆ. ಬೆರಳು ಇನ್ನೂ ಕೂದಲೆಳೆಯಷ್ಟೂ ಅಲುಗದಿದ್ದಾಗಲೇ, ರೋಗಿ ಪ್ರಯತ್ನಿಸಿದೊಡನೆ ಒಂದೆರಡು ಹೊಸ ಬಡಿತ ಕೇಳಿಸುತ್ತವೆ. ಆಕ್ಸ್‌ಫರ್ಡಿನ ಗ್ರಹಾಂ ವೆಡೆಲ್ ಮತ್ತು ಸಂಗಡಿಗರು 1944ರಲ್ಲಿ ಈ ಬಗ್ಗೆ ಪ್ರಕಟಿಸಿದ ದೀರ್ಘ ಲೇಖನ ಇಎಂಜಿ, ಎಂದರೆ ಸ್ನಾಯುವಿನ ವಿದ್ಯುತ್ತನ್ನು ದಾಖಲಿಸುವ ಎಲೆಕ್ಟ್ರೋಮಯೋಗ್ರಫಿ ಪರೀಕ್ಷೆಯ ಬುನಾದಿಗಳಲ್ಲಿ ಒಂದು. ಅದೇ ಯುದ್ಧಕಾಲದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹರ್ಬರ್ಟ್ ಜಾಸ್ಪರ್ ಆಸ್ಪತ್ರೆಯಲ್ಲಿ ಬಳಸಬಹುದಾದ ಇಎಂಜಿ ಯಂತ್ರ ಕಟ್ಟಿದರು. ಕೈ ಮತ್ತೆ ಆಡುತ್ತದೆಂಬ ಸುದ್ದಿ ಕೈಗಿಂತ ಮೊದಲು ಕಿವಿಗೆ ಬಂದ ಸೈನಿಕನ ಮನಸ್ಸು ಹೇಗಿದ್ದಿರಬೇಕು!

ಯುದ್ಧದ ಜತೆಜತೆಗೇ ಪೋಲಿಯೊ ಕೂಡ ಇತ್ತು. ಆಸ್ಟ್ರೇಲಿಯಾದ ನರ್ಸ್ ಎಲಿಜಬೆತ್ ಕೆನ್ನಿ 1940ರಲ್ಲಿ ಅಮೆರಿಕಕ್ಕೆ ಬಂದಾಗ ಅಲ್ಲಿನ ವೈದ್ಯರು ಪೋಲಿಯೊ ಮಕ್ಕಳ ಕೈಕಾಲನ್ನು ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ಅಲುಗದಂತೆ ಇಡುತ್ತಿದ್ದರು. ಕೆನ್ನಿ ಅದನ್ನು ಬಿಚ್ಚಿಸಿ ಬಿಸಿ ಉಣ್ಣೆಬಟ್ಟೆಯ ಶಾಖ ಕೊಟ್ಟು ಮೆಲ್ಲಗೆ ಆಡಿಸುತ್ತಿದ್ದರು. ರೋಗದ ಮೊದಲ ಹಂತದಲ್ಲಿ ಸ್ನಾಯು ಸೆಟೆದುಕೊಂಡು ನೋಯುತ್ತದೆ ಎಂಬುದು ಅವರ ವಾದ. ವೈದ್ಯರ ನಡುವೆ ದೊಡ್ಡ ಜಗಳವೇ ಆಯಿತು. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನ ಪ್ಲೇಟೊ ಶ್ವಾರ್ಟ್ಸ್ ಮತ್ತು ಸಂಗಡಿಗರು ರೋಗಿಗಳ ಸ್ನಾಯುಗಳಿಗೆ ಎಲೆಕ್ಟ್ರೋಡ್ ಇಟ್ಟು ನೋಡಿ 1942ರಲ್ಲಿ ವರದಿ ಮಾಡಿದರು: ವಿಶ್ರಾಂತಿಯಲ್ಲಿ ಸುಮ್ಮನಿರಬೇಕಾದ ಸ್ನಾಯುಗಳಲ್ಲಿ ವಿದ್ಯುತ್ ಚಟುವಟಿಕೆ ಇತ್ತು. ಕೆನ್ನಿಯ ಸಿದ್ಧಾಂತವೆಲ್ಲ ಮುಂದೆ ನಿಲ್ಲಲಿಲ್ಲ. ಆದರೆ ಆಕೆ ಕೈಯಿಂದ ಮುಟ್ಟಿ ಹೇಳಿದ್ದನ್ನು ಬದಿಗೆ ತಳ್ಳಲಾಗಲಿಲ್ಲ. ಪಟ್ಟಿ ಕಟ್ಟುವ ಪದ್ಧತಿ ಹಿಂದೆ ಸರಿದು ಫಿಸಿಯೊಥೆರಪಿಗೆ ಬೆಲೆ ಬಂದುದರಲ್ಲಿ ಆಕೆಯ ಪಾಲು ದೊಡ್ಡದು.

ಇಷ್ಟು ಹೊತ್ತಿಗೂ ಇಎಂಜಿ ಎಂದರೆ ಮಲಗಿದ ರೋಗಿಯ ಪರೀಕ್ಷೆ. ಅದನ್ನು ಎಬ್ಬಿಸಿ ನಡೆಸಿದ್ದು ಕ್ಯಾಲಿಫೋರ್ನಿಯ.

ಸ್ಯಾನ್ ಫ್ರಾನ್ಸಿಸ್ಕೊದ ಮೂಳೆವೈದ್ಯ ವರ್ನ್ ಇನ್‌ಮನ್ ಮತ್ತು ಸಂಗಡಿಗರು 1944ರಲ್ಲಿ ಭುಜದ ಕೀಲಿನ ಅಧ್ಯಯನ ಪ್ರಕಟಿಸಿದರು. ಕೈ ಮೇಲೆತ್ತುವಾಗ ಒಂದು ಸಣ್ಣ ಸ್ನಾಯು ಮೊದಲು ಶುರುಮಾಡಿ ಆಮೇಲೆ ಭುಜದ ದೊಡ್ಡ ಸ್ನಾಯುವಿಗೆ ಕೆಲಸ ಒಪ್ಪಿಸುತ್ತದೆ ಎಂದು ಪಾಠದಲ್ಲಿತ್ತು. ಎಲೆಕ್ಟ್ರೋಡ್ ಹೇಳಿದ್ದು ಬೇರೆ. ಎರಡೂ ಮೊದಲಿಂದ ಕೊನೆತನಕ ಕೂಡಿಯೇ ದುಡಿಯುತ್ತವೆ. ಮರುವರ್ಷ ಯುದ್ಧದಿಂದ ಕಾಲು ಕಳೆದುಕೊಂಡು ಮರಳಿದ ಸೈನಿಕರು ತಮಗೆ ಕೊಟ್ಟ ಕೃತಕ ಕಾಲುಗಳ ಬಗ್ಗೆ ಸಿಟ್ಟಾದಾಗ ಅಮೆರಿಕ ಸರಕಾರ ಸಂಶೋಧನೆಗೆ ಹಣ ಕೊಟ್ಟಿತು. ಇನ್‌ಮನ್ ಅವರ ಜತೆ ಬರ್ಕ್ಲಿಯ ಎಂಜಿನಿಯರ್ ಹೋವರ್ಡ್ ಎಬರ್‌ಹಾರ್ಟ್ ಸೇರಿದರು. ಅವರೂ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದವರು. ಕೃತಕ ಕಾಲು ಮಾಡಬೇಕಾದರೆ ನಿಜವಾದ ಕಾಲು ಹೇಗೆ ನಡೆಯುತ್ತದೆಂದು ಗೊತ್ತಿರಬೇಕಲ್ಲ? ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರು ಗಾಜಿನ ಹಾದಿ ಮಾಡಿ ಕೆಳಗಿನಿಂದ ಚಿತ್ರ ತೆಗೆದರು. ಎಲುಬು ಎಷ್ಟು ತಿರುಗುತ್ತದೆಂದು ಅಳೆಯಲು ಕೆಲವರು ಸ್ವಯಂಸೇವಕರು ಸೊಂಟ, ತೊಡೆ, ಕೆಳಗಾಲಿನ ಎಲುಬಿಗೆ ಉಕ್ಕಿನ ಮೊಳೆ ಹೊಡೆಸಿಕೊಂಡು ನಡೆದರು. ಎಲೆಕ್ಟ್ರೋಡಿನಿಂದ ಕಾಲಿನ ಸ್ನಾಯುಗಳ ಸರದಿಯನ್ನು ಗುರುತಿಸಿದರು. 1947ರಲ್ಲಿ ಬಂದ ಅವರ ವರದಿ ನಡಿಗೆಯ ವಿಜ್ಞಾನದ ದೊಡ್ಡ ಕಡತಗಳಲ್ಲಿ ಒಂದು.

ನಡಿಗೆಯಲ್ಲಿ ಪ್ರತಿ ಸ್ನಾಯು ದುಡಿಯುವುದು ಬಹಳ ಕಡಿಮೆ ಹೊತ್ತು. ಹಿಮ್ಮಡಿ ನೆಲ ಮುಟ್ಟಿದಾಗ ಪಾದ ಪಟ್ಟನೆ ಬೀಳದಂತೆ ಮೊಣಕಾಲಿನ ಕೆಳಗಿನ ಮುಂಬದಿಯ ಸ್ನಾಯು ಮೆಲ್ಲಗೆ ಇಳಿಬಿಡುತ್ತದೆ, ಹಗ್ಗ ಹಿಡಿದು ಕೊಡವನ್ನು ಬಾವಿಗೆ ಇಳಿಸಿದ ಹಾಗೆ. ಆಮೇಲೆ ಅದು ಸುಮ್ಮನಾಗುತ್ತದೆ, ಮೀನಖಂಡ ಎಚ್ಚರಗೊಂಡು ಮೈಯ ಭಾರ ಮುಂದಕ್ಕೆ ಕುಸಿಯದಂತೆ ತಡೆಯುತ್ತದೆ. ಪಾದ ನೆಲ ಬಿಟ್ಟಾಗ ಮೀನಖಂಡ ಸುಮ್ಮನಾಗಿ ಮುಂಬದಿಯ ಸ್ನಾಯು ಬೆರಳುಗಳನ್ನು ಮೇಲೆತ್ತುತ್ತದೆ. ಮುಂದೂಡುವುದಕ್ಕಿಂತ ತಡೆಹಿಡಿಯುವ ಕೆಲಸವೇ ಹೆಚ್ಚು. ನಾವು ದಣಿಯದೆ ಹರದಾರಿ ನಡೆಯುವುದು ಈ ಸರದಿ ವಿಶ್ರಾಂತಿಯಿಂದ.

ಮೌನಕ್ಕೂ ಅರ್ಥವಿದೆ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವರು ಜಾನ್ ಬಸ್ಮಾಜಿಯನ್. ಅರ್ಮೇನಿಯನ್ ಕುಟುಂಬದಲ್ಲಿ 1921ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಹೆತ್ತವರೊಡನೆ ಕೆನಡಾ ಸೇರಿದವರು. ಅವರು ಅಂಗರಚನಾಶಾಸ್ತ್ರದ ಅಧ್ಯಾಪಕರು, ಎಂದರೆ ಹೆಣದ ಮೇಜಿನ ಪಕ್ಕ ನಿಂತು ಪಾಠ ಹೇಳುವವರು. ಅವರೇ ಆ ಪಾಠಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದರು. 1962ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರಿನ ಅರ್ಥವೇ ಜೀವಂತ ಸ್ನಾಯುಗಳು ಎಂದು.

ಅದೇ ವರ್ಷ ಅವರು ಸಂಗಡಿಗರೊಬ್ಬರ ಜತೆ ಹೊಸ ಎಲೆಕ್ಟ್ರೋಡನ್ನು ವಿವರಿಸಿದರು. ಕೂದಲಿಗಿಂತ ತೆಳುವಾದ ಎರಡು ತಂತಿಗಳನ್ನು ಸಣ್ಣ ಸೂಜಿಯಲ್ಲಿ ತೂರಿಸಿ ತುದಿಯನ್ನು ಕೊಕ್ಕೆಯಂತೆ ಮಡಿಸುವುದು. ಸೂಜಿ ಚುಚ್ಚಿ ಹಿಂದಕ್ಕೆಳೆದರೆ ಕೊಕ್ಕೆ ಸಿಕ್ಕಿಕೊಂಡು ತಂತಿ ಒಳಗೇ ಉಳಿಯುತ್ತದೆ. ಏಡ್ರಿಯನ್ ಅವರ ಸೂಜಿ ಒಳಗಿದ್ದರೆ ಹೆಜ್ಜೆ ಹಾಕಲಾಗದ ನೋವು; ಈ ತಂತಿ ಇದ್ದುದೇ ತಿಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ಮೆಲ್ಲಗೆ ಎಳೆದರೆ ಬಂದುಬಿಡುತ್ತದೆ. ಆಳದಲ್ಲಿ ಅಡಗಿದ್ದ ಸ್ನಾಯುಗಳನ್ನು ನಡೆಯುತ್ತಿರುವ ಮನುಷ್ಯನಲ್ಲಿ ಕೇಳಲು ಇದರಿಂದ ಸಾಧ್ಯವಾಯಿತು.

ಕೇಳಿದಾಗ ಅಚ್ಚರಿಗಳು. ತುಂಬಿದ ಬಕೆಟ್ಟನ್ನು ಕೈಯಲ್ಲಿ ಇಳಿಬಿಟ್ಟು ಹಿಡಿದಾಗ ಭುಜ ಕಳಚದಂತೆ ಹಿಡಿಯುವವರು ಯಾರು? ಭುಜದ ದೊಡ್ಡ ಸ್ನಾಯು, ರಟ್ಟೆಯ ಸ್ನಾಯು ಎಂದು ಯಾರಾದರೂ ಹೇಳಿಯಾರು. 1959ರಲ್ಲೇ ಅವರು ಕಂಡಂತೆ ಎರಡೂ ಮೌನ. ಭಾರವನ್ನು ಹಿಡಿದಿರುವುದು ಕೀಲಿನ ಮೇಲ್ಭಾಗದ ಗಟ್ಟಿ ಪೊರೆ ಮತ್ತು ಅದಕ್ಕೆ ನೆರವಾಗುವ ಒಂದು ಸಣ್ಣ ಸ್ನಾಯು. ಪಾದದ ಕಮಾನನ್ನು ಎತ್ತಿಹಿಡಿಯುವುದು ಸ್ನಾಯುಗಳೇ ಎಂದು ಎಲ್ಲರೂ ನಂಬಿದ್ದರು. ಕಾಲಿನ ಮೇಲೆ 100, 200 ಪೌಂಡು ಹೇರಿದರೂ ಆ ಸ್ನಾಯುಗಳು ಸದ್ದು ಮಾಡಲಿಲ್ಲ. 400 ಪೌಂಡಿಗೆ ಮಾತ್ರ ಕೆಲವು ಎದ್ದವು. ಕಮಾನಿನ ಭಾರ ಎಲುಬು, ಅಸ್ಥಿಬಂಧಗಳ ಮೇಲಿತ್ತು.

ಲಂಡನ್ನಿನ ಫ್ಲಾಯ್ಡ್ ಮತ್ತು ಸಿಲ್ವರ್ 1950ರ ದಶಕದಲ್ಲಿ ಕಂಡದ್ದು ಇನ್ನೂ ಸೋಜಿಗ. ನಿಂತವರು ಮುಂದಕ್ಕೆ ಬಗ್ಗುತ್ತ ಹೋದಂತೆ ಬೆನ್ನಿನ ಸ್ನಾಯುಗಳು ಜೋರಾಗಿ ದುಡಿಯುತ್ತವೆ. ಪೂರ್ತಿ ಬಗ್ಗಿದಾಗ ಥಟ್ಟನೆ ಸುಮ್ಮನಾಗುತ್ತವೆ. ಹೊರೆಯೆಲ್ಲ ಬೆನ್ನುಮೂಳೆಯ ಅಸ್ಥಿಬಂಧಗಳಿಗೆ ವರ್ಗವಾಗುತ್ತದೆ. ಗದ್ದೆಯಲ್ಲಿ ಸಸಿ ನೆಡುವವರ ಬೆನ್ನನ್ನು ನೆನೆದರೆ ಈ ಮಾತಿನ ತೂಕ ತಿಳಿದೀತು. ದೀರ್ಘಕಾಲದ ಸೊಂಟನೋವಿರುವ ಎಷ್ಟೋ ಜನರಲ್ಲಿ ಈ ಮೌನ ಬರುವುದೇ ಇಲ್ಲ ಎಂದು ನಂತರದ ಸಂಶೋಧಕರು ಕಂಡರು. ಪೂರ್ತಿ ಬಗ್ಗಿದರೂ ಅವರ ಸ್ನಾಯು ಕಾವಲು ಬಿಡುವುದಿಲ್ಲ.

ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಬಸ್ಮಾಜಿಯನ್ ಮಾಡಿ 1963ರಲ್ಲಿ ಪ್ರಕಟಿಸಿದ ಪ್ರಯೋಗ ಪುನರ್ವಸತಿಯ ದಿಕ್ಕನ್ನೇ ಬದಲಿಸಿತು. ಜನರ ಹೆಬ್ಬೆರಳಿನ ಬುಡದ ಸ್ನಾಯುವಿಗೆ ತಂತಿ ಇಟ್ಟು, ಅವರದೇ ಬಡಿತವನ್ನು ಅವರಿಗೆ ಕೇಳಿಸಿ, ಪರದೆಯ ಮೇಲೆ ತೋರಿಸಿದರು. ಹದಿನೈದು ಮೂವತ್ತು ನಿಮಿಷದಲ್ಲೇ ಹಲವರು ಒಂದೇ ಒಂದು ಮೋಟಾರ್ ಯೂನಿಟ್ಟನ್ನು ಬೇಕೆಂದಾಗ ಎಬ್ಬಿಸಲು, ಬೇಡವೆಂದಾಗ ಮಲಗಿಸಲು ಕಲಿತರು. ಕೆಲವರು ಅದರಲ್ಲಿ ತಮಟೆಯಂತೆ ಲಯಬದ್ಧ ಪೆಟ್ಟುಗಳನ್ನೂ ನುಡಿಸಿದರು. ಬೆನ್ನುಹುರಿಯ ಒಂದು ಜೀವಕೋಶದ ಮೇಲೆ ಮನುಷ್ಯನ ಮನಸ್ಸು ಹಿಡಿತ ಸಾಧಿಸಿತ್ತು. ಅದಕ್ಕೆ ಬೇಕಾದದ್ದು ಕಿವಿಗೆ ಕೇಳುವ ಗುರುತು ಮಾತ್ರ.

ಹಾಗಾದರೆ ಲಕ್ವ ಹೊಡೆದವರಿಗೂ ಆ ಗುರುತನ್ನು ಕೊಡಬಹುದಲ್ಲವೇ? ಕಾಲು ಎತ್ತಲು ಪ್ರಯತ್ನಿಸುವ ರೋಗಿಗೆ ಪಾದ ಅಲುಗುವುದು ಕಾಣುವುದಿಲ್ಲ, ತನ್ನ ಯತ್ನ ಎಲ್ಲಿಗೂ ಮುಟ್ಟುತ್ತಿಲ್ಲ ಎಂದು ಸೋಲುತ್ತಾರೆ. ಆದರೆ ಚರ್ಮದ ಮೇಲಿನ ಎಲೆಕ್ಟ್ರೋಡಿಗೆ ಒಂದು ಚಿಟಿಕೆ ಮಿಡಿತ ಸಿಕ್ಕಿರುತ್ತದೆ. ಅದನ್ನು ಸದ್ದಾಗಿಸಿ ಕೇಳಿಸಿದರೆ ಯಾವ ಯತ್ನ ಸರಿದಾರಿಯಲ್ಲಿದೆ ಎಂದು ತಿಳಿಯುತ್ತದೆ. ಬಸ್ಮಾಜಿಯನ್ ಅವರ ತಂಡ 1975ರಲ್ಲಿ ಲಕ್ವದಿಂದ ಪಾದ ಜೋತುಬಿದ್ದ 20 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿತು. ವ್ಯಾಯಾಮವನ್ನಷ್ಟೇ ಮಾಡಿದವರಿಗಿಂತ, ಜತೆಗೆ ಈ ಸದ್ದಿನ ತರಬೇತಿ ಪಡೆದವರ ಬಲ ಸುಮಾರು ಎರಡು ಪಟ್ಟು ಹೆಚ್ಚಿತು. ಸಣ್ಣ ಅಧ್ಯಯನ, ನಿಜ. ಆದರೆ ಫಿಸಿಯೊಥೆರಪಿ ಕೋಣೆಗಳಿಗೆ ಬಯೊಫೀಡ್‌ಬ್ಯಾಕ್ ಎಂಬ ಈ ತರಬೇತಿ ಬಂದ ದಾರಿ ಇದು.

ಈ ಕಥೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಹೆಸರು ಜಾಕ್ವೆಲಿನ್ ಪೆರಿ. 1918ರಲ್ಲಿ ಹುಟ್ಟಿದ ಅವರು ಯುದ್ಧಕಾಲದಲ್ಲಿ ಸೈನ್ಯದ ಫಿಸಿಯೊಥೆರಪಿಸ್ಟ್ ಆಗಿದ್ದರು. ಯುದ್ಧ ಮುಗಿದ ಮೇಲೆ ವೈದ್ಯಕೀಯ ಓದಿ 1950ರಲ್ಲಿ ಪದವಿ ಪಡೆದು ಮೂಳೆಯ ಶಸ್ತ್ರವೈದ್ಯೆಯಾದರು; ಆ ಕಾಲದಲ್ಲಿ ಹೆಂಗಸರು ಈ ವಿಭಾಗಕ್ಕೆ ಬರುವುದೇ ಅಪರೂಪ. 1955ರಲ್ಲಿ ಲಾಸ್ ಏಂಜಲಿಸ್ ಬಳಿಯ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಗೆ ಸೇರಿದರು. ಹಿಂದೆ ಬಡವರಿಗೆ ಆಶ್ರಯವಾಗಿದ್ದ ಆ ಜಾಗ ಆಗ ಪೋಲಿಯೊ ರೋಗಿಗಳಿಂದ ತುಂಬಿತ್ತು. ಕತ್ತು ನಿಲ್ಲದ ರೋಗಿಗಳಿಗಾಗಿ ವರ್ನನ್ ನಿಕಲ್ ಅವರ ಜತೆ ಸೇರಿ ತಲೆಬುರುಡೆಗೆ ಬಿಗಿಯುವ ಲೋಹದ ಬಳೆಯನ್ನು ರೂಪಿಸಿದರು. ಅದು ಇಂದಿಗೂ ಕತ್ತಿನ ಮೂಳೆ ಮುರಿದವರಿಗೆ ಬಳಕೆಯಲ್ಲಿದೆ.

ಪೆರಿ ಸೇರಿದ ವರ್ಷವೇ ಸಾಕ್ ಲಸಿಕೆ ಬಂತು. ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಹೊಸ ಪೋಲಿಯೊ ರೋಗಿಗಳು ಬಹಳ ಕಡಿಮೆಯಾದರು. ಆ ಹಾಸಿಗೆಗಳಿಗೆ ಲಕ್ವ, ಬೆನ್ನುಹುರಿಯ ಪೆಟ್ಟು, ಮಿದುಳಿನ ಪೆಟ್ಟು ಆದವರು ಬಂದರು. ಪೋಲಿಯೊ ಸರಳ: ಸ್ನಾಯು ಸತ್ತಿದೆ ಅಥವಾ ಉಳಿದಿದೆ. ಲಕ್ವದಲ್ಲಿ ಸ್ನಾಯು ಸತ್ತಿರುವುದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ದುಡಿಯುತ್ತದೆ. ಪಾದ ಒಳಕ್ಕೆ ತಿರುಚಿಕೊಂಡು ಬೆರಳು ನೆಲಕ್ಕೆ ಉಜ್ಜುವ ರೋಗಿಯನ್ನು ಮಲಗಿಸಿ ಕೈಯಿಂದ ಪರೀಕ್ಷಿಸಿದರೆ ಒಂದು ಕಾಣುತ್ತದೆ, ನಡೆಸಿದರೆ ಇನ್ನೊಂದು. ಪಾದವನ್ನು ಒಳಕ್ಕೆ ಎಳೆಯುವ ಸ್ನಾಯುಗಳು ಹಲವು. ಯಾವುದು ಎಂದು ಗೊತ್ತಿಲ್ಲದೆ ಕತ್ತರಿ ಹಾಕಿದರೆ ರೋಗಿ ಇದ್ದ ನಡಿಗೆಯನ್ನೂ ಕಳೆದುಕೊಂಡಾರು.

ಪೆರಿ ಅವರು ರೋಗಿಯ ಕಾಲಿನ ಸ್ನಾಯುಗಳಿಗೆ ಬಸ್ಮಾಜಿಯನ್ ಅವರ ಆ ತೆಳು ತಂತಿಗಳನ್ನಿಟ್ಟು, ಪಾದದಡಿಗೆ ಸ್ವಿಚ್ಚುಗಳನ್ನಿಟ್ಟು ನಡೆಸಿದರು. ಹಿಮ್ಮಡಿ ನೆಲ ಮುಟ್ಟಿದ್ದು ಯಾವಾಗ, ಬೆರಳು ಎದ್ದದ್ದು ಯಾವಾಗ ಎಂದು ಸ್ವಿಚ್ಚು ಹೇಳುತ್ತಿತ್ತು. ಆಗ ಯಾರು ದುಡಿಯುತ್ತಿದ್ದರು ಎಂದು ತಂತಿ ಹೇಳುತ್ತಿತ್ತು. ತಪ್ಪು ಮಾಡುತ್ತಿರುವುದು ಮುಂಬದಿಯ ಸ್ನಾಯು ಎಂದು ಗೊತ್ತಾದರೆ ಅದರ ಸ್ನಾಯುರಜ್ಜುವನ್ನು ಸೀಳಿ ಅರ್ಧವನ್ನು ಪಾದದ ಹೊರಬದಿಗೆ ಹೊಲಿಯಬಹುದು. ಆಗ ಅದೇ ಎಳೆತ ಪಾದವನ್ನು ತಿರುಚುವ ಬದಲು ನೇರವಾಗಿ ಎತ್ತುತ್ತದೆ. ತಪ್ಪು ಹಿಂಬದಿಯದಾದರೆ ಮದ್ದು ಬೇರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಪ್ರತಿ ರೋಗಿಯ ಸ್ನಾಯುಗಳಿಂದಲೇ ಉತ್ತರ ಕೇಳಬೇಕೆಂಬ ಈ ಶಿಸ್ತು ಪೆರಿ ಅವರ ದೊಡ್ಡ ಕೊಡುಗೆ. ನಡುವಯಸ್ಸಿನಲ್ಲಿ ಮಿದುಳಿಗೆ ಹೋಗುವ ರಕ್ತನಾಳದ ತೊಂದರೆಯಿಂದ ಅವರು ಶಸ್ತ್ರಚಿಕಿತ್ಸೆ ಬಿಡಬೇಕಾಯಿತು. ಉಳಿದ ಆಯುಷ್ಯವನ್ನು ನಡಿಗೆಯ ಅಧ್ಯಯನಕ್ಕೆ ಕೊಟ್ಟರು. 1992ರಲ್ಲಿ ಪ್ರಕಟವಾದ ಅವರ ನಡಿಗೆಯ ಗ್ರಂಥ ಇಂದಿಗೂ ಫಿಸಿಯೊಥೆರಪಿ ಓದುವವರ ಕೈಪಿಡಿ.

ಅಳೆಯುವುದು ಸುಲಭವಾದಂತೆ ತಪ್ಪಾಗಿ ಅಳೆಯುವುದೂ ಸುಲಭವಾಯಿತು. ಚರ್ಮದ ಮೇಲೆ ಸಿಗುವ ಸಂಕೇತ ಟಾರ್ಚಿನ ಸೆಲ್ ಕೊಡುವ ವೋಲ್ಟೇಜಿನ ಸಾವಿರದ ಒಂದು ಪಾಲಿನ ಆಸುಪಾಸು. ಗೋಡೆಯ ವೈರಿಂಗಿನ ಗುಂಯ್‌ಗುಡುವಿಕೆ, ಪಕ್ಕದ ಸ್ನಾಯುವಿನ ಸದ್ದು, ಬೆವರು, ಕೊಬ್ಬಿನ ಪದರ ಎಲ್ಲವೂ ಅದನ್ನು ಕೆಡಿಸುತ್ತವೆ. ಸದ್ದು ಜೋರಾಗಿದ್ದರೆ ಬಲವೂ ಅಷ್ಟೇ ಪಟ್ಟು ಎಂದು ಎಣಿಸುವುದೂ ತಪ್ಪು. ದಣಿದ ಸ್ನಾಯು ಅದೇ ಭಾರಕ್ಕೆ ಹೆಚ್ಚು ಸದ್ದು ಮಾಡುತ್ತದೆ. ಬಾಸ್ಟನ್ನಿನ ಕಾರ್ಲೊ ಡಿ ಲೂಕಾ ಈ ಎಚ್ಚರವನ್ನು ಜೀವನವಿಡೀ ಹೇಳಿದರು. 1990ರ ದಶಕದ ಕೊನೆಯಲ್ಲಿ ಯುರೋಪಿನ ಸೆನಿಯಾಮ್ ಯೋಜನೆ ಯಾವ ಸ್ನಾಯುವಿಗೆ ಎಲ್ಲಿ, ಎಷ್ಟು ಅಂತರದಲ್ಲಿ ಎಲೆಕ್ಟ್ರೋಡ್ ಅಂಟಿಸಬೇಕೆಂಬ ನಿಯಮ ಮಾಡಿತು: ಎರಡರ ನಡುವೆ 20 ಮಿಲಿಮೀಟರ್.

ಪೆರಿ ಅವರ ಹಳೆಯ ಪೋಲಿಯೊ ರೋಗಿಗಳು ಮೂವತ್ತು ನಲವತ್ತು ವರ್ಷಗಳ ಮೇಲೆ ಮರಳಿ ಬಂದರು. ಕ್ಯಾಲಿಪರ್ ಕಿತ್ತೆಸೆದು ಸಂಸಾರ, ನೌಕರಿ ಎಲ್ಲ ಮಾಡಿದವರು. ಈಗ ಕಾರಣವಿಲ್ಲದೆ ದಣಿವು, ನೋವು, ಹೊಸ ನಿಶ್ಶಕ್ತಿ ಎನ್ನುತ್ತಿದ್ದರು. ಎಷ್ಟೋ ಕಡೆ ಇದು ಮನಸ್ಸಿನ ಕಾಯಿಲೆ ಎಂದು ಕಳಿಸಿದ್ದರು. ಪೆರಿ ಈ ರೋಗಿಗಳನ್ನೂ ತಂತಿ ಹಾಕಿ ನಡೆಸಿದರು. ಉಳಿದ ಕೆಲವೇ ಸ್ನಾಯುಗಳು ಹೆಜ್ಜೆ ಹೆಜ್ಜೆಗೂ ತಮ್ಮ ಪಾಲಿಗಿಂತ ಹೆಚ್ಚು ಬಲದಿಂದ, ಹೆಚ್ಚು ಹೊತ್ತು ದುಡಿಯುತ್ತಿದ್ದವು. ದಶಕಗಟ್ಟಲೆ ಹಾಗೆ ದುಡಿದು ಸವೆದಿದ್ದವು. 1988ರಲ್ಲಿ ಅವರು ಮತ್ತು ಸಂಗಡಿಗರು ಇದನ್ನು ಅತಿ ದುಡಿತದ ಫಲವೆಂದು ಬರೆದರು. ಮದ್ದು ಇನ್ನಷ್ಟು ಕಸರತ್ತಲ್ಲ, ಸರಿಯಾದ ವಿಶ್ರಾಂತಿ ಮತ್ತು ಹಗುರವಾದ ಆಸರೆ. 2013ರ ಮಾರ್ಚ್‌ನಲ್ಲಿ, 94ನೆಯ ವಯಸ್ಸಿನಲ್ಲಿ ಪೆರಿ ತೀರಿಕೊಂಡರು.

ಭಾರತದಲ್ಲಿ ಸಹಜ ಪೋಲಿಯೊ ವೈರಸ್ಸಿನಿಂದಾದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹಾವಡಾ ಜಿಲ್ಲೆಯಲ್ಲಿ. ಅದಕ್ಕೂ ಮುಂಚೆ ಮಕ್ಕಳಾಗಿದ್ದಾಗ ಪೋಲಿಯೊ ತಗುಲಿ, ಒಂದು ಕಾಲನ್ನು ಕೈಯಿಂದ ಒತ್ತಿ ಹಿಡಿದು ಶಾಲೆಗೆ ನಡೆದವರು ನಮ್ಮ ಊರೂರಲ್ಲೂ ಇದ್ದಾರೆ. ಬಹಳಷ್ಟು ಜನ ಈಗ ನಲವತ್ತು, ಐವತ್ತು ದಾಟಿದವರು. ಅವರಲ್ಲಿ ಯಾರಾದರೂ ಇತ್ತೀಚೆಗೆ ಒಳ್ಳೆಯ ಕಾಲೂ ಸೋಲುತ್ತಿದೆ ಎಂದರೆ ವಯಸ್ಸಾಯಿತು, ಸೋಮಾರಿತನ ಬಿಟ್ಟು ಇನ್ನಷ್ಟು ನಡೆಯಿರಿ ಎಂದು ಹೇಳಬೇಡಿ. ನರವೈದ್ಯರ ಬಳಿಗೋ ಪುನರ್ವಸತಿ ವಿಭಾಗಕ್ಕೋ ಕರೆದುಕೊಂಡು ಹೋಗಿ, ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತೆಂಬುದನ್ನು ಮರೆಯದೆ ಹೇಳಿ.